ನೀಲಿಕಲ್ಲಿನ ಮೊದಲ ದಿನ

ನೀಲಿಕಲ್ಲು ಅಂದರೆ ಕಡಲ ಬಂಡೆಗೆ ಅಂಟಿ ಬೆಳೆಯುವ, ಎರಡು ಚಿಪ್ಪಿನ ಜೀವಿ. ಅದನ್ನು ತೊಳೆದು ಗೊತ್ತಿದ್ದವರಿಗೆ ಅದರ ಗಡ್ಡವೂ ಗೊತ್ತು. ಎರಡು ಚಿಪ್ಪಿನ ಸಂದಿಯಿಂದ ಹೊರಬಂದಿರುವ ಕಂದು ನಾರು. ಎಳೆದರೆ ಸುಲಭಕ್ಕೆ ಬರುವುದಿಲ್ಲ. ಬಂಡೆಗೆ ಅದು ಅಂಟಿ ಕೂರುವುದೇ ಈ ನಾರಿನಿಂದ. ಕಾಸರಗೋಡಿನ ತೆಂಕು ತುದಿಯ ಪಡನ್ನದ ಹಿನ್ನೀರಿನಲ್ಲಿ ಹಗ್ಗ ಇಳಿಬಿಟ್ಟು ಇದನ್ನು ಬೆಳೆಸುತ್ತಾರಲ್ಲ, ಅಲ್ಲೂ ಇದೇ ನಾರಿನ ಮೇಲೆ ಭರವಸೆ. ಮರಿಗಳನ್ನು ಹತ್ತಿಬಟ್ಟೆಯಲ್ಲಿ ಹಗ್ಗಕ್ಕೆ ಸುತ್ತಿ ಹೊಲಿಯುತ್ತಾರೆ. ಬಟ್ಟೆ ಕೊಳೆತು ಹೋಗುವಷ್ಟರಲ್ಲಿ ಮರಿ ಹಗ್ಗವನ್ನು ಹಿಡಿದಿರುತ್ತದೆ.

ಇಷ್ಟು ಗಟ್ಟಿ ಪ್ರಾಣಿ ಹುಟ್ಟಿದ ದಿನ ಮಾತ್ರ ತೀರಾ ನಾಜೂಕು. ಗಂಡೂ ಹೆಣ್ಣೂ ತಮ್ಮ ವೀರ್ಯ, ಮೊಟ್ಟೆಗಳನ್ನು ಸೀದಾ ನೀರಿಗೇ ಬಿಡುತ್ತವೆ. ಮೊಟ್ಟೆಯ ಅಗಲ ಒಂದು ಮಿಲಿಮೀಟರಿನ ಇಪ್ಪತ್ತರಲ್ಲೊಂದು ಪಾಲು. ಮೈಮೇಲೆ ಚಿಪ್ಪಿಲ್ಲ, ತಪ್ಪಿಸಿಕೊಳ್ಳಲು ದಾರಿಯಿಲ್ಲ. ಎಲ್ಲ ಸರಿಯಿದ್ದರೆ ಒಂದೆರಡು ದಿನದೊಳಗೆ ಪುಟಾಣಿ ಚಿಪ್ಪು ಮೂಡುತ್ತದೆ. ಹಲಸಿನ ಹಪ್ಪಳವನ್ನು ಅರ್ಧಕ್ಕೆ ಮುರಿದ ಹಾಗೆ: ಒಂದು ಬದಿ ನೇರ, ಇನ್ನೊಂದು ಬದಿ ಗುಂಡು.

ಮೀನು ಸಾಕಣೆಯ ರಾಸಾಯನಿಕಗಳನ್ನು ಪರೀಕ್ಷೆ ಮಾಡುವವರು ಹುಡುಕುವುದು ಈ ಅರ್ಧ ಹಪ್ಪಳವನ್ನೇ. ಸಾಲಾಗಿ ಗಾಜಿನ ಪಾತ್ರೆ ಇಡುತ್ತಾರೆ. ಒಂದರಲ್ಲಿ ಬರೀ ಶುದ್ಧ ಕಡಲ ನೀರು. ಉಳಿದವುಗಳಲ್ಲಿ ಮದ್ದು, ಒಂದಕ್ಕಿಂತ ಒಂದರಲ್ಲಿ ಜಾಸ್ತಿ. ಎಲ್ಲದಕ್ಕೂ ಆಗಷ್ಟೇ ಫಲಿತವಾದ ಮೊಟ್ಟೆ ಬಿಡುತ್ತಾರೆ. 48 ಗಂಟೆ ಬಿಟ್ಟು ಒಂದೆರಡು ಹನಿ ಫಾರ್ಮಾಲಿನ್ ಹಾಕಿ ಬೆಳವಣಿಗೆ ನಿಲ್ಲಿಸುತ್ತಾರೆ. (ಮೀನಿನ ಮೈಗೆ ಹತ್ತಿದ ಹುಳ ಕೊಲ್ಲಲು ಬಳಸುವುದೂ ಇದೇ ಫಾರ್ಮಾಲಿನ್!) ಆಮೇಲೆ ಸೂಕ್ಷ್ಮದರ್ಶಕದಡಿ ಎಣಿಕೆ. ನೆಟ್ಟಗಿರುವುದೆಷ್ಟು, ಸೊಟ್ಟಗಾದದ್ದೆಷ್ಟು, ಚಿಪ್ಪೇ ಬಾರದ್ದೆಷ್ಟು. ಶುದ್ಧ ನೀರಿನ ಪಾತ್ರೆಯಲ್ಲೇ ಮರಿಗಳು ಕೆಟ್ಟಿದ್ದರೆ ಇಡೀ ಪರೀಕ್ಷೆ ವೇಸ್ಟ್. ಮತ್ತೆ ಮೊದಲಿನಿಂದ.

ಮೀನು ಸಾಕುವ ಪಂಜರದ ಬಲೆಗೆ ಪಾಚಿ, ಚಿಪ್ಪು ಹತ್ತದಿರಲೆಂದು ನಾರ್ವೆ, ಚಿಲಿಯಂಥ ಕಡೆ ತಾಮ್ರದ ಬಣ್ಣ ಬಳಿಯುತ್ತಾರೆ. ತಾಮ್ರ ನೀಲಿಕಲ್ಲಿನ ಜಾತಿಯ ಭ್ರೂಣಗಳಿಗೆ ಕಡು ವೈರಿ. ಲೀಟರಿಗೆ 10 ಮೈಕ್ರೋಗ್ರಾಂ ಆಸುಪಾಸು ಇದ್ದರೂ ಕೆಲವು ಜಾತಿಗಳಲ್ಲಿ ಅರ್ಧಕ್ಕರ್ಧ ಭ್ರೂಣ ಕೆಡುತ್ತವೆ. ಇದು ಎಷ್ಟಾಯಿತು? 25 ಮೀಟರ್ ಉದ್ದ, 20 ಮೀಟರ್ ಅಗಲ, 2 ಮೀಟರ್ ಆಳದ ಒಂದು ದೇವಸ್ಥಾನದ ಕೆರೆ ಅಂದುಕೊಳ್ಳಿ. ಹತ್ತು ಲಕ್ಷ ಲೀಟರ್ ನೀರು. ಅದಕ್ಕೆ ಹತ್ತೇ ಗ್ರಾಂ ತಾಮ್ರ ಸಾಕು.

ಹಾಗಂತ ಎಲ್ಲ ವಿಷವನ್ನೂ ಭ್ರೂಣ ಹಿಡಿದುಕೊಡುವುದಿಲ್ಲ. ಸಾಲ್ಮನ್ ಮೀನಿಗೆ ಹತ್ತುವ ಕಡಲ ಹೇನು ಸಿಗಡಿಯ ದೂರದ ನೆಂಟ. ಅದನ್ನು ಕೊಲ್ಲಲು ಬಳಸುವ ಡೈಫ್ಲುಬೆನ್ಜುರಾನ್ ಎಂಬ ಮದ್ದು, ಹೇನು ಹೊಸ ಹೊರಕವಚ ಕಟ್ಟಿಕೊಳ್ಳದಂತೆ ಮಾಡುತ್ತದೆ. ಇನ್ನೊಂದು ಮದ್ದು ಅಜಮೆಥಿಫಾಸ್ ನರಕ್ಕೇ ಕೈ ಹಾಕುತ್ತದೆ. ಒಂದು ದಿನದ ಭ್ರೂಣಕ್ಕೆ ಸಿಗಡಿಯ ಹಾಗೆ ಕವಚ ಕಳಚುವ ಕೆಲಸವೇ ಇಲ್ಲ. ನರಗಳೂ ಇನ್ನೂ ಸರಿಯಾಗಿ ಕೂಡಿರುವುದಿಲ್ಲ. ಅದು ಆರಾಮಾಗಿ ಈಜುತ್ತಿರುವ ನೀರಿನಲ್ಲೇ ಸಿಗಡಿ ಮರಿ ಸಾಯಬಹುದು. ಅದಕ್ಕೇ ಒಬ್ಬರ ಸಾಕ್ಷಿ ಸಾಲದು. ಸಿಗಡಿಯ ಬಳಗದ ಪುಟ್ಟ ಜೀವಿಗಳನ್ನೂ ಕೇಳಬೇಕು.

ಯಾವುದೇ ಮದ್ದು 'ಸೇಫ್' ಎಂದರೆ ನಮ್ಮ ಕಾಸರಗೋಡು ಜಿಲ್ಲೆಯವರ ಕಿವಿ ನೆಟ್ಟಗಾಗುತ್ತದೆ. ಗೇರು ತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುವುದು 2000ದವರೆಗೂ ನಡೆಯಿತು. ಸುಪ್ರೀಂ ಕೋರ್ಟ್ ದೇಶದಲ್ಲೇ ಅದನ್ನು ತಡೆದದ್ದು 2011ರಲ್ಲಿ. ಯಾರಿಗೆ ಸೇಫ್, ಯಾರನ್ನು ಕೇಳಿ ಹೇಳಿದಿರಿ ಅಂತ ನಾವು ಸುಮ್ನೆ ಕೇಳುವುದಲ್ಲ.

ಇನ್ನು ತಾಮ್ರ. ಅದು ನಮ್ಮ ಅಟ್ಟದಲ್ಲೇ ಇದೆ, ಅಲ್ವಾ? ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ: 100 ಲೀಟರ್ ನೀರು, ಒಂದು ಕಿಲೋ ಸುಣ್ಣ, ಒಂದು ಕಿಲೋ ಮೈಲುತುತ್ತು. ಮೈಲುತುತ್ತಿನಲ್ಲಿ ಕಾಲುಭಾಗ ತಾಮ್ರ. ಅಂದರೆ ಆ ಕೆರೆಗೆ ಬೇಕಾದ ಹತ್ತು ಗ್ರಾಂ ತಾಮ್ರ 40 ಗ್ರಾಂ ಮೈಲುತುತ್ತಿನಲ್ಲಿದೆ, ಒಂದು ಹಿಡಿ ಎನ್ನಿ. ಹೆದರಿಸಲು ಹೇಳಿದ್ದಲ್ಲ. ಸುಣ್ಣ ತಾಮ್ರವನ್ನು ಕರಗಲು ಬಿಡುವುದಿಲ್ಲ, ಮಣ್ಣು ಹಿಡಿದಿಟ್ಟುಕೊಳ್ಳುತ್ತದೆ, ಹೊಳೆಯ ಕೊಳೆತ ಎಲೆಯ ರಸವೂ ಅದರ ವಿಷವನ್ನು ಕಟ್ಟಿಹಾಕುತ್ತದೆ. ಗಾಜಿನ ಪಾತ್ರೆಯ ಶುದ್ಧ ಕಡಲ ನೀರಿನಲ್ಲಿ ಇದ್ಯಾವುದೂ ಇರುವುದಿಲ್ಲ.

ಆದರೆ ಸಮಯ ನೋಡಿ. ಹಗ್ಗದ ನೀಲಿಕಲ್ಲನ್ನು ನೀರು ಸಪ್ಪೆಯಾಗುವ ಮೊದಲು, ಮೇ ತಿಂಗಳ ಹೊತ್ತಿಗೆ ಎತ್ತಿಬಿಡುತ್ತಾರೆ. ತೋಟಕ್ಕೆ ಮೊದಲ ಮದ್ದು ಮಳೆ ಹಿಡಿಯುವ ಮುಂಚೆ, ಇನ್ನೊಂದು ಒಂದೂವರೆ ತಿಂಗಳು ಬಿಟ್ಟು, ನಡುಮಳೆಯಲ್ಲಿ. ಶಿರಿಯ, ಪಯಸ್ವಿನಿ ಹೊಳೆಗಳು ಆಗ ಕೆಂಪಗೆ ಕಡಲಿಗೆ ಹೋಗುತ್ತಿರುತ್ತವೆ. ಬಂಡೆಗೆ ಅಂಟಿ ಉಳಿದ ನೀಲಿಕಲ್ಲುಗಳು ಮೊಟ್ಟೆ ಬಿಡುವುದೂ ಅದೇ ಮಳೆಗಾಲದಲ್ಲಿ.