ಇಮ್ಮಡಿ ಸಿಂಬಲ್: ಲೈವ್ ಪ್ಯಾಚ್‌ನಲ್ಲಿ 'ಡುಪ್ಲಿಕೇಟ್' ಅಂದ್ರೇನು

ಈ ವಾರದಲ್ಲೇ ಮೂರನೇ ಸಲ ನೋಡಿದೆ, ಅದಕ್ಕೇ ಬರೀತಿದೀನಿ. ಲೈವ್ ಪ್ಯಾಚ್ (ಓಡ್ತಿರೋ ಲಿನಕ್ಸ್‌ನ ತಿರುಳನ್ನ, ಅಂದ್ರೆ ಕರ್ನಲ್‌ನ, ರೀಬೂಟ್ ಮಾಡದೇ ತಿದ್ದೋ ಪ್ಯಾಚ್) ಲೋಡ್ ಆಗ್ತಿಲ್ಲ, ಲಾಗ್‌ನಲ್ಲಿ 'ಅನ್‌ರಿಸಾಲ್ವಬಲ್ ಆಂಬಿಗ್ಯುಟಿ ಫಾರ್ ಸಿಂಬಲ್' ಅಂತ ಬರ್ತಿದೆ (ಸಿಂಬಲ್ ಅಂದ್ರೆ ಕೋಡ್‌ನಲ್ಲಿರೋ ಫಂಕ್ಷನ್, ವೇರಿಯಬಲ್‌ಗಳ ಹೆಸರು; ಆ ಹೆಸರು ಯಾವುದರದ್ದು ಅಂತ ತೀರ್ಮಾನಿಸೋಕಾಗ್ತಿಲ್ಲ ಅನ್ನೋ ಎರರ್ ಇದು) ಅಂತ ಒಬ್ರು ಕೇಳ್ತಾರೆ, ಇನ್ನೊಬ್ರು ತಕ್ಷಣ 'ಕರ್ನಲ್‌ನಲ್ಲಿ ಡುಪ್ಲಿಕೇಟ್ ಸಿಂಬಲ್ ಸೇರ್ಕೊಂಡಿದೆ, ಒಂದನ್ನ ತೆಗೀರಿ, ಇಲ್ಲಾಂದ್ರೆ ಸ್ಟ್ಯಾಟಿಕ್ ಮಾಡಿ' ಅಂತ ಉತ್ತರ ಕೊಟ್ಬಿಡ್ತಾರೆ. ಎರಡೂ ತಪ್ಪು. ತೆಗೆಯೋಕೆ ಅಲ್ಲಿ ಹೆಚ್ಚುವರಿ ಅಂತ ಏನೂ ಇಲ್ಲ, ಇನ್ನು ಸ್ಟ್ಯಾಟಿಕ್ (ಹೆಸರನ್ನ ಅದಿರೋ ಫೈಲಿಗಷ್ಟೇ ಸೀಮಿತ ಮಾಡೋದು) ಅನ್ನೋದೇ ಈ ತೊಂದರೆ ಹುಟ್ಟೋ ಜಾಗ.

ಗೊಂದಲಕ್ಕೆ ಅರ್ಧ ಕಾರಣ ಆ ಪದಾನೇ. ನಮ್ಮ ಮಾತಲ್ಲಿ ಡುಪ್ಲಿಕೇಟ್ ಅಂದ್ರೆ ಡುಪ್ಲಿಕೇಟ್ ಕೀ, ಡುಪ್ಲಿಕೇಟ್ ಮಾರ್ಕ್ಸ್ ಕಾರ್ಡ್, ಡುಪ್ಲಿಕೇಟ್ ಮಾಲು, ಅಂದ್ರೆ ಎಲ್ಲೋ ಒಂದು ಅಸಲಿ ಇದೆ, ಇದು ಅದರ ನಕಲು ಅಂತ. ಮೂಲದಲ್ಲಿ ಈ ಅರ್ಥ ಇಲ್ಲ. ಲ್ಯಾಟಿನ್‌ನ 'ಡುವೊ' ಅಂದ್ರೆ ಎರಡು, 'ಪ್ಲಿಕಾರೆ' ಅಂದ್ರೆ ಮಡಿಚೋದು, ಎರಡು ಸೇರಿ ಎರಡು ಮಡಿ ಮಾಡಿದ್ದು. ಕನ್ನಡದಲ್ಲಿ ಇದಕ್ಕೆ ಅಚ್ಚುಕಟ್ಟಾದ ಪದ ಇದ್ದೇ ಇದೆ: ಇಮ್ಮಡಿ. ಇಲ್ಲೂ ಅದೇ ಎರಡು, ಅದೇ ಮಡಿ. ಇಮ್ಮಡಿ ಪುಲಕೇಶಿಯನ್ನ ಯಾರಾದ್ರೂ ನಕಲಿ ಪುಲಕೇಶಿ ಅಂತಾರಾ? ಆ ಹೆಸರಿನ ಎರಡನೇ ರಾಜ, ಅಷ್ಟೇ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು, ನಾಲ್ವಡಿ ಕೃಷ್ಣರಾಜ ಒಡೆಯರು ಇಬ್ರೂ ಅಷ್ಟೇ ನಿಜ, ಹೆಸರು ಒಂದೇ, ಸಂಖ್ಯೆ ಬೇರೆ. ಆ ಸಂಖ್ಯೆ ಬಿಟ್ಟು ಬರೆದ್ರೆ 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯ ಕೆಲಸ 1868ರಲ್ಲೇ ತೀರ್ಕೊಂಡವರ ಲೆಕ್ಕಕ್ಕೆ ಹೋಗ್ಬಹುದು. ಕರ್ನಲ್‌ನಲ್ಲಿ ಆಗೋದೂ ಇಂಥದ್ದೇ, ಅಲ್ಲಿ ಮಾತ್ರ ಓಡ್ತಿರೋ ಮೆಷಿನ್ ಕೈಕೊಡುತ್ತೆ.

ಒಂದು ಉದಾಹರಣೆ ಹತ್ತಿರದಿಂದ ನೋಡಿ. ಲಿನಕ್ಸ್ ಮೆಷಿನ್‌ನಲ್ಲಿ ರೂಟ್ (ಅಡ್ಮಿನ್) ಆಗದೇನೇ, ಕರ್ನಲ್‌ನ ಸಿಂಬಲ್‌ಗಳ ಪಟ್ಟಿಯಾದ /ಪ್ರಾಕ್/ಕಾಲ್‌ಸಿಮ್ಸ್ ಫೈಲಲ್ಲಿ ಎಂ_ಸ್ಟಾರ್ಟ್ ಅಂತ ಗ್ರೆಪ್ ಮಾಡಿದ್ರೆ (ಹುಡುಕಿದ್ರೆ) ಸಾಮಾನ್ಯವಾಗಿ ಹೀಗೆ ಸಿಗುತ್ತೆ:

0000000000000000 ಟಿ ಎಂ_ಸ್ಟಾರ್ಟ್
0000000000000000 ಟಿ ಎಂ_ಸ್ಟಾರ್ಟ್
0000000000000000 ಟಿ ಎಂ_ಸ್ಟಾರ್ಟ್

ವಿಳಾಸ ಎಲ್ಲಾ ಸೊನ್ನೆ ಯಾಕಂದ್ರೆ ರೂಟ್ ಅಲ್ಲದವರಿಗೆ ಕರ್ನಲ್ ಅದನ್ನ ಮುಚ್ಚಿಡುತ್ತೆ. ಆ 'ಟಿ' ಇಂಗ್ಲಿಷಿನ ಸಣ್ಣಕ್ಷರ, ಅಂದ್ರೆ ಲೋಕಲ್ ಫಂಕ್ಷನ್, ಸಿ ಭಾಷೆಯ ಸ್ಟ್ಯಾಟಿಕ್. ಒಂದು ಮೌಂಟ್‌ಗಳ ಪಟ್ಟಿ ತೋರಿಸೋ ಕೋಡಿಂದು, ಇನ್ನೊಂದು ಪ್ರೋಸೆಸ್‌ನ ಮೆಮೊರಿ ಮ್ಯಾಪ್‌ದು, ಮತ್ತೊಂದು ಮಾಡ್ಯೂಲ್ (ಓಡ್ತಿರೋ ಕರ್ನಲ್‌ಗೆ ಸೇರಿಸೋ ಕೋಡ್) ಪಟ್ಟೀದು. ಮೂರನ್ನೂ ಬೇರೆ ಬೇರೆ ಫೈಲಲ್ಲಿ ಬೇರೆ ಬೇರೆ ಜನ ಬರೆದದ್ದು, ಒಬ್ಬರ ಫೈಲಿನ ಸ್ಟ್ಯಾಟಿಕ್ ಹೆಸರು ಇನ್ನೊಬ್ಬರಿಗೆ ಕಾಣೋದೇ ಇಲ್ಲ, ಹಾಗಾಗಿ ಎಲ್ಲಾ ಫೈಲುಗಳನ್ನ ಒಂದಾಗಿ ಜೋಡಿಸೋ ಲಿಂಕರ್ ಕೂಡ ತಕರಾರು ಎತ್ತಲ್ಲ. 'ಮಲ್ಟಿಪಲ್ ಡೆಫಿನಿಷನ್' ಅಂತ ಲಿಂಕರ್ ಬೈಯೋದು ಗ್ಲೋಬಲ್ (ಎಲ್ಲಾ ಫೈಲಿಗೂ ಕಾಣೋ) ಹೆಸರು ಎರಡು ಸಲ ಬಂದಾಗ, ಅದು ನಿಜವಾದ ತಪ್ಪು, ಅದಕ್ಕೆ 'ಸ್ಟ್ಯಾಟಿಕ್ ಮಾಡಿ' ಅನ್ನೋ ಸಲಹೆ ಸರಿ. ಇಲ್ಲಿ ಎಲ್ಲಾ ಮೊದಲೇ ಸ್ಟ್ಯಾಟಿಕ್, ಯಾವುದೂ ತಪ್ಪಲ್ಲ. ದಯವಿಟ್ಟು ಇವೆರಡನ್ನ ಕಲಸಬೇಡಿ.

ಹಾಗಾದ್ರೆ ತೊಂದರೆ ಎಲ್ಲಿ ಅಂದ್ರೆ, ಲೈವ್ ಪ್ಯಾಚ್ ಹೊರಗಿಂದ ಬಂದ ಮಾಡ್ಯೂಲ್, ಹಳೇ ಫಂಕ್ಷನ್ ಯಾವುದು ಅಂತ ಅದು ಹೇಳೋದು ಹೆಸರಿಂದ. ಕರ್ನಲ್ ಆ ಹೆಸರನ್ನ ಕಾಲ್‌ಸಿಮ್ಸ್‌ನಲ್ಲಿ ಹುಡುಕಿ, ಸಿಕ್ಕ ವಿಳಾಸದಲ್ಲಿ ಎಫ್‌ಟ್ರೇಸ್ (ಫಂಕ್ಷನ್ ಕರೆಗಳನ್ನ ನಡುವೆ ಹಿಡಿಯೋ ಕರ್ನಲ್ ಸೌಲಭ್ಯ) ಮೂಲಕ ಹೊಸ ಫಂಕ್ಷನ್ ಕಡೆಗೆ ದಾರಿ ತಿರುಗಿಸುತ್ತೆ. ಮೂರು ಎಂ_ಸ್ಟಾರ್ಟ್ ಇದ್ದಾಗ ಯಾವುದನ್ನ ತಿರುಗಿಸ್ಬೇಕು? ತಪ್ಪಿದ್ರೆ ಏನಾಗುತ್ತೆ ನೋಡಿ: ಮೂರೂ ತಗೊಳ್ಳೋ ಆರ್ಗ್ಯುಮೆಂಟ್‌ಗಳು ಒಂದೇ ಥರ, ಹಾಗಾಗಿ ಕಂಪೈಲರ್‌ಗೂ ಅನುಮಾನ ಬರಲ್ಲ. ಆದ್ರೆ ಲಾಕ್ (ಒಂದೇ ಡೇಟಾವನ್ನ ಇಬ್ರು ಒಟ್ಟಿಗೆ ಕೆಡಿಸದಂಗೆ ಹಾಕೋ ಬೀಗ) ಹಿಡಿಯೋದು ಎಂ_ಸ್ಟಾರ್ಟ್, ಬಿಡೋದು ಅದರ ಜೊತೆಯ ಎಂ_ಸ್ಟಾಪ್. ಮಾಡ್ಯೂಲ್ ಪಟ್ಟಿಯ ಜಾಗಕ್ಕೆ ಮೌಂಟ್ ಪಟ್ಟಿಯದನ್ನ ಕೂರಿಸಿದ್ರೆ ಒಂದು ಲಾಕ್ ಹಿಡಿದು ಇನ್ನೊಂದನ್ನ ಬಿಟ್ಟಂಗಾಯ್ತು, ಮೆಷಿನ್ ಹೋಯ್ತು. ಅದಕ್ಕಿಂತ ಕೆಟ್ಟದ್ದು ಏನೂ ಆಗದೇ ಇರೋದು, ಸೆಕ್ಯೂರಿಟಿ ಪ್ಯಾಚ್ ಹಾಕಿದೀವಿ ಅಂತ ಎಲ್ಲರೂ ನೆಮ್ಮದಿಯಾಗಿರ್ತಾರೆ, ತೂತು ಹಾಗೇ ಇರುತ್ತೆ. ಅದಕ್ಕೇ ಕರ್ನಲ್ ಊಹೆ ಮಾಡಲ್ಲ, ಎರಡು ಸಿಕ್ಕಿದ್ರೆ ನಿರಾಕರಿಸುತ್ತೆ. ಆ ಎರರ್ ನಿಮ್ಮನ್ನ ಕಾಪಾಡ್ತಿದೆ.

ಪರಿಹಾರ ಅಂತ 2016ರ 4.5ನೇ ಕರ್ನಲ್‌ನಲ್ಲಿ ಬಂದದ್ದು ಪ್ಯಾಚ್‌ನಲ್ಲಿ ಬರೆಯೋ 'ಓಲ್ಡ್_ಸಿಂಪೋಸ್' ಅನ್ನೋ ಸಂಖ್ಯೆ, ಸಿಂಪೋಸ್ ಅಂದ್ರೆ ಸಿಂಬಲ್ ಪೊಸಿಷನ್ ಅನ್ನೋದರ ಮೊಟಕು. ಇದೇ ನಮ್ಮ ಇಮ್ಮಡಿ, ಮುಮ್ಮಡಿ. 1 ಅಂದ್ರೆ ಆ ಹೆಸರಿನ ಮೊದಲನೇದು, 2 ಅಂದ್ರೆ ಎರಡನೇದು. 0 ಅಂದ್ರೆ 'ಈ ಹೆಸರು ಒಂದೇ ಇದೆ' ಅನ್ನೋ ಮಾತು, ಅದು ಸುಳ್ಳಾದ್ರೆ ಮೇಲಿನ ಎರರ್. ಸೊನ್ನೆಯಿಂದ ಎಣಿಸೋ ಅಭ್ಯಾಸ ಇರೋರು 0 ಅಂದ್ರೆ ಮೊದಲನೇದು ಅಂತ ಹಾಕ್ಬಿಡ್ತಾರೆ, ರಾಜರನ್ನ ಯಾರೂ ಸೊನ್ನೆಯಿಂದ ಎಣಿಸಲ್ಲ ಅಂತ ನೆನಪಿಟ್ಕೊಂಡ್ರೆ ಸಾಕು. ಎಣಿಕೆ ಆಯಾ ಆಬ್ಜೆಕ್ಟ್ ಒಳಗೆ ಮಾತ್ರ, ವಿಎಂಲಿನಕ್ಸ್‌ಗೆ (ಮಾಡ್ಯೂಲ್‌ಗಳನ್ನ ಬಿಟ್ಟು ಮುಖ್ಯ ಕರ್ನಲ್) ಬೇರೆ, ಒಂದೊಂದು ಮಾಡ್ಯೂಲ್‌ಗೂ ಬೇರೆ. ವಿಎಂಲಿನಕ್ಸ್‌ನಲ್ಲಿ ವಿಳಾಸದ ಕ್ರಮ, ಮಾಡ್ಯೂಲ್‌ನಲ್ಲಿ ಅದರ ಸಿಂಬಲ್ ಟೇಬಲ್‌ನ ಕ್ರಮ. ಕರ್ನಲ್ ಮತ್ತೆ ಬಿಲ್ಡ್ ಆದ್ರೆ ಈ ಸಂಖ್ಯೆ ಬದಲಾಗ್ಬಹುದು, ಹೋದ ಸಲದ್ದನ್ನ ಕಾಪಿ ಮಾಡ್ಬೇಡಿ.

ಈ ಸಂಖ್ಯೆಯನ್ನ ಕೈಯಿಂದ ಎಣಿಸೋರು ಕಮ್ಮಿ, ಲೈವ್ ಪ್ಯಾಚ್ ತಯಾರಿಸೋ ಕೆಪ್ಯಾಚ್-ಬಿಲ್ಡ್ ಥರದ ಟೂಲ್ ಹುಡುಕಿ ಕೊಡುತ್ತೆ. ಹೇಗೆ ಅನ್ನೋದು ನಂಗೆ ತುಂಬಾ ಇಷ್ಟವಾದ ಭಾಗ. ಇಎಲ್‌ಎಫ್ (ಲಿನಕ್ಸ್‌ನಲ್ಲಿ ಕಂಪೈಲ್ ಆದ ಫೈಲುಗಳ ರೂಪ) ಸಿಂಬಲ್ ಟೇಬಲ್‌ನಲ್ಲಿ ಪ್ರತಿ ಸೋರ್ಸ್ ಫೈಲಿನ ಲೋಕಲ್ ಹೆಸರುಗಳ ಮುಂದೆ ಆ ಫೈಲಿನ ಹೆಸರೇ ಒಂದು ಸಿಂಬಲ್ ಆಗಿ ಕೂತಿರುತ್ತೆ. ಕ್ಲಾಸಲ್ಲಿ ಇಬ್ರು ಮಂಜುನಾಥ ಇದ್ರೆ ಮೇಷ್ಟ್ರು ಇನಿಷಿಯಲ್ ಹಿಡಿದು ಕರೀತಾರಲ್ಲ, ಹಾಗೆ. ಆದ್ರೆ ಸಾಮಾನ್ಯವಾಗಿ ಅಲ್ಲಿ ಡೈರೆಕ್ಟರಿ ಇರಲ್ಲ, ಬರೀ 'ಕೋರ್.ಸಿ' ಅಂತ ಇರುತ್ತೆ, ಶೆಡ್ಯೂಲರ್‌ಗೂ ಒಂದು ಕೋರ್.ಸಿ, ಪರ್ಫ್ ಇವೆಂಟ್ಸ್‌ಗೂ ಒಂದು, ಡ್ರೈವರ್ ಬೇಸ್‌ಗೂ ಒಂದು. ಇನಿಷಿಯಲ್ಲೂ ಒಂದೇ ಆಯ್ತು. ಆಗ ಟೂಲ್ ಆ ಫೈಲಿನ ಕೆಳಗಿರೋ ಅಷ್ಟೂ ಲೋಕಲ್ ಹೆಸರುಗಳನ್ನ ತಾಳೆ ನೋಡುತ್ತೆ, ರೇಷನ್ ಕಾರ್ಡ್‌ನಲ್ಲಿರೋ ಮನೆಮಂದಿಯ ಹೆಸರೆಲ್ಲ ಓದಿ ಇದೇ ಮನೆ ಅಂತ ಗುರುತು ಹಿಡಿದಂಗೆ. ಮನೆ ಸಿಕ್ಕಮೇಲೆ ಅದರಲ್ಲಿರೋ ಎಂ_ಸ್ಟಾರ್ಟ್ ಇಡೀ ಪಟ್ಟಿಯಲ್ಲಿ ಎಷ್ಟನೇದು ಅಂತ ಎಣಿಸೋದು.

ಹಲವು ಫೈಲುಗಳು ಸೇರಿಸ್ಕೊಳ್ಳೋ ಹೆಡರ್‌ನಲ್ಲಿರೋ ಸ್ಟ್ಯಾಟಿಕ್ ಇನ್‌ಲೈನ್ ಫಂಕ್ಷನ್‌ನ ಕಂಪೈಲರ್ ಇನ್‌ಲೈನ್ ಮಾಡದೇ (ಕರೆದ ಜಾಗದಲ್ಲೇ ಕೋಡನ್ನ ಬಿಡಿಸಿ ಹಾಕದೇ) ಬಿಟ್ರೆ ಮಾತ್ರ ಲೆಕ್ಕ ಬೇರೆ. ಆಗ ಅದನ್ನ ಬಳಸಿದ ಒಂದೊಂದು ಫೈಲಲ್ಲೂ ಅದೇ ಹೆಸರಿನ ಒಂದೊಂದು ಪ್ರತಿ, ಒಳಗಿರೋದೂ ಅದೇ ಕೋಡ್. ಬಗ್ ಅದರಲ್ಲೇ ಇದ್ರೆ ಒಂದನ್ನ ಆರಿಸಿ ಸುಮ್ನಾಗೋ ಹಾಗಿಲ್ಲ, 1, 2, 3 ಎಲ್ಲವನ್ನೂ ಬದಲಿಸ್ಬೇಕು.

ಇನ್ನೊಂದು, ಇದರಲ್ಲಿ ಗಟ್ಟಿಗರೂ ಎಡವಿದ್ದು ನೋಡಿದೀನಿ. ಪ್ಯಾಚ್ ಮಾಡಿದ ಫಂಕ್ಷನ್ ಕರೆಯೋ ಲೋಕಲ್ ಸಿಂಬಲ್‌ಗಳಿಗೂ ಇದೇ ಸಂಖ್ಯೆ ಬೇಕು, ಅಲ್ಲಿ '.ಕೆಎಲ್‌ಪಿ.ಸಿಮ್' ಅಂತ ಶುರುವಾಗೋ ಹೆಸರಿನ ಕೊನೆಗೆ ಕಾಮಾ ಹಾಕಿ ಬರೀತಾರೆ, ಒಂದೇ ಇರೋ ಹೆಸರಾದ್ರೆ ',0' ಅಂತ. ಆದ್ರೆ ಪ್ಯಾಚ್ ಲೋಡ್ ಆದ್ಮೇಲೆ /ಸಿಸ್/ಕರ್ನಲ್/ಲೈವ್‌ಪ್ಯಾಚ್ ಒಳಗೆ ನೋಡಿದ್ರೆ, 0 ಕೊಟ್ಟಿದ್ದ ಫಂಕ್ಷನ್ ಕೂಡ ',1' ಅಂತಾನೇ ಕಾಣುತ್ತೆ, ಸೊನ್ನೆಯನ್ನ ಒಂದು ಅಂತ ತೋರಿಸೋದು ಆ ಕೋಡಿನ ಪದ್ಧತಿ. ಅಲ್ಲಿ 1 ಕಂಡ ಮಾತ್ರಕ್ಕೆ ಆ ಹೆಸರಿನದು ಇನ್ನೊಂದಿದೆ ಅಂತ ಹುಡುಕ್ತಾ ಕೂರಬೇಡಿ, ಇದೆಯೋ ಇಲ್ವೋ ಅಂತ ಕಾಲ್‌ಸಿಮ್ಸ್‌ನಲ್ಲೇ ಎಣಿಸಿ.