ಪಾಕಕ್ಕೆ ನಿಂಬೆ, ಮೀನಿಗೆ ಪ್ರೋಟೀನ್

ಜಾಮೂನಿನ ಪಾಕ ಕುದಿಯುವಾಗ ಅಮ್ಮ ಮರೆಯದೆ ನಾಲ್ಕು ಹನಿ ನಿಂಬೆರಸ ಹಿಂಡುತ್ತಿದ್ದಳು. ಯಾಕಮ್ಮಾ ಅಂದರೆ, "ಇಲ್ಲಾಂದ್ರೆ ನಾಳೆ ಬೆಳಗ್ಗೆ ಹೊತ್ತಿಗೆ ಪಾಕವೆಲ್ಲ ಸಕ್ಕರೆಗಟ್ಟುತ್ತೆ" ಅನ್ನುತ್ತಿದ್ದಳು. ಅಷ್ಟೇ ಉತ್ತರ. ಒಳಗೆ ನಡೆಯುವುದು ಇಷ್ಟು: ನಿಂಬೆಯ ಹುಳಿ ಸಕ್ಕರೆಯ ಕೆಲವು ಅಣುಗಳನ್ನು ಮುರಿದು ಗ್ಲೂಕೋಸ್, ಫ್ರಕ್ಟೋಸ್ ಎಂಬ ಚೂರು ಮಾಡುತ್ತದೆ. ಸಕ್ಕರೆ ಹರಳು ಬೆಳೆಯಬೇಕಾದರೆ ಒಂದೇ ಅಳತೆಯ ಇಟ್ಟಿಗೆ ಸಾಲಾಗಿ ಕೂರಬೇಕು. ಈ ಚೂರುಗಳು ನಡುವೆ ನುಗ್ಗಿ ಸಾಲು ಕೆಡಿಸುತ್ತವೆ. ಹರಳು ಬೆಳೆಯುವುದಿಲ್ಲ.

ಅಂಟಾರ್ಕ್ಟಿಕಾದ ಮೀನುಗಳ ರಕ್ತದಲ್ಲಿ ಹೆಚ್ಚುಕಮ್ಮಿ ಇದೇ ಕೆಲಸ ನಡೆಯುತ್ತಿದೆ. ಅಲ್ಲಿ ತಡೆಯಬೇಕಾಗಿರುವುದು ಸಕ್ಕರೆ ಹರಳನ್ನಲ್ಲ, ಐಸ್ ಹರಳನ್ನು.

ಈ ಮಾತು ಎತ್ತಿದರೆ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: "ಸಮುದ್ರದ ಮೀನು ಅಲ್ವಾ, ಮೈಯೆಲ್ಲ ಉಪ್ಪು, ಅದಕ್ಕೇ ಹೆಪ್ಪುಗಟ್ಟಲ್ಲ ಬಿಡಿ." ಇದು ತಪ್ಪು. ಬಂಗುಡೆ ಸಾರಿಗೂ ನಾವು ಉಪ್ಪು ಹಾಕಲೇಬೇಕಲ್ಲ? ಸಮುದ್ರದಲ್ಲಿದ್ದರೂ ಇಂಥ ಮೀನುಗಳ ರಕ್ತದಲ್ಲಿ ಇರುವ ಉಪ್ಪು ಸಮುದ್ರದ ನೀರಿನ ಸುಮಾರು ಮೂರನೇ ಒಂದು ಭಾಗ. ಹಾಗಾಗಿ ಸಾಮಾನ್ಯ ಮೀನಿನ ರಕ್ತ -0.7 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ. ಅಂಟಾರ್ಕ್ಟಿಕಾದ ಕಡಲೋ, ವರ್ಷದ ಬಹುಪಾಲು -1.9 ಡಿಗ್ರಿ. ನಡುವಿನ ಈ ಒಂದು ಚಿಲ್ಲರೆ ಡಿಗ್ರಿಯೇ ಬದುಕಿಗೂ ಸಾವಿಗೂ ಇರುವ ಅಂತರ. ಲೆಕ್ಕದ ಪ್ರಕಾರ ಆ ಮೀನುಗಳೆಲ್ಲ ಕಲ್ಲಾಗಿ ಬಿದ್ದಿರಬೇಕಿತ್ತು.

1950ರ ದಶಕದಲ್ಲಿ ಪರ್ ಶೋಲ್ಯಾಂಡರ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಉತ್ತರದಲ್ಲಿ, ಕೆನಡಾದ ಲ್ಯಾಬ್ರಡಾರ್ ಕರಾವಳಿಯಲ್ಲಿ ಇದರ ಬೆನ್ನು ಹತ್ತಿದರು. ಅಲ್ಲಿನ ಆಳದ ಮೀನುಗಳು -1.7 ಡಿಗ್ರಿಯ ನೀರಿನಲ್ಲಿ ಆರಾಮಾಗಿ ಈಜುತ್ತಿದ್ದವು. ಅವುಗಳ ಮೈಗೆ ಒಂದು ಚೂರು ಐಸ್ ತಾಗಿಸಿದರೆ ಸಾಕು, ಅಲ್ಲೇ ಹೆಪ್ಪುಗಟ್ಟಿ ಸಾಯುತ್ತಿದ್ದವು. ಆಳದಲ್ಲಿ ಐಸ್ ಇಲ್ಲ, ಅದಕ್ಕೇ ಬದುಕಿದ್ದವು. ಮೇಲಿನ ಐಸ್ ನಡುವೆಯೇ ಚಳಿಗಾಲ ಕಳೆಯುವ ಮೀನುಗಳಿಗೆ ಮಾತ್ರ ಏನೂ ಆಗುತ್ತಿರಲಿಲ್ಲ. ಅವುಗಳ ರಕ್ತದಲ್ಲಿ ಏನೋ ಇದೆ ಎಂದು ಗೊತ್ತಾಯಿತು. ಏನು ಅನ್ನುವುದು ಕೈಗೆ ಸಿಗಲಿಲ್ಲ.

ಅದು ಸಿಕ್ಕಿದ್ದು ಆರ್ಥರ್ ಡಿವ್ರೀಸ್‌ಗೆ. 1960ರ ದಶಕದ ಆರಂಭದಲ್ಲಿ ಆ ಹುಡುಗ ಅಂಟಾರ್ಕ್ಟಿಕಾದ ಮೆಕ್‌ಮರ್ಡೋ ಸಂಶೋಧನಾ ಕೇಂದ್ರಕ್ಕೆ ಹೋದ. ಹೆಪ್ಪುಗಟ್ಟಿದ ಕಡಲಿಗೆ ತೂತು ಕೊರೆದು ಮೀನು ಹಿಡಿದ, ರಕ್ತ ತೆಗೆದ. ಅದರಲ್ಲಿನ ಉಪ್ಪು ಮತ್ತಿತರ ಸಣ್ಣ ಅಣುಗಳನ್ನೆಲ್ಲ ಸೋಸಿ ಹಾಕಿದ ಮೇಲೂ ಉಳಿದ ದ್ರವ ಹೆಪ್ಪುಗಟ್ಟಲು ಮೊಂಡಾಟ ಮಾಡುತ್ತಿತ್ತು. ಕಾರಣ ಸಕ್ಕರೆ ಅಂಟಿಸಿಕೊಂಡ ಒಂದು ಪ್ರೋಟೀನ್. 1969ರಲ್ಲಿ ವಿಷಯ ಅಚ್ಚಾಯಿತು.

ಈ ಪ್ರೋಟೀನಿನ ರಚನೆ ನೋಡಿದರೆ ನಗು ಬರುತ್ತದೆ. ಪ್ರೋಟೀನ್ ಕಟ್ಟಲು 20 ಬಗೆಯ ಅಮೈನೋ ಆಮ್ಲಗಳು ಇವೆ. ಇದು ಬಹುಮಟ್ಟಿಗೆ ಬಳಸುವುದು ಎರಡನ್ನೇ. ಥ್ರಿಯೋನಿನ್, ಅಲನಿನ್, ಅಲನಿನ್. ಮತ್ತೆ ಥ್ರಿಯೋನಿನ್, ಅಲನಿನ್, ಅಲನಿನ್. ಮಗ್ಗಿ ಒಪ್ಪಿಸುವ ಮಗುವಿನ ಹಾಗೆ ಅದೇ ರಾಗ. ಪ್ರತಿ ಥ್ರಿಯೋನಿನ್‌ಗೂ ಸಕ್ಕರೆಯ ಒಂದು ಜೋಡಿ ನೇತಾಡುತ್ತದೆ.

ಕೆಲಸ ಮಾಡುವುದು ಹೇಗೆ? ಕಾರಿನ ರೇಡಿಯೇಟರ್‌ಗೆ ಹಾಕುವ ಕೂಲೆಂಟ್ ತರಹ ಅಲ್ಲ. ಕೂಲೆಂಟಿನ ಕೆಲಸ ನಡೆಯುವುದು ಪ್ರಮಾಣದ ಮೇಲೆ, ಜಾಸ್ತಿ ಸುರಿದಷ್ಟೂ ಪರಿಣಾಮ ಜಾಸ್ತಿ. ಈ ಪ್ರೋಟೀನ್ ಅಣುವಿಗೆ ಅಣು ಲೆಕ್ಕ ಹಾಕಿದರೆ ಅದಕ್ಕಿಂತ ನೂರಾರು ಪಟ್ಟು ಗಟ್ಟಿಗ. ಇದು ನೀರನ್ನು ಮುಟ್ಟಲು ಹೋಗುವುದಿಲ್ಲ, ಸೀದಾ ಐಸ್ ಹರಳಿನ ಮೈಗೆ ಹೋಗಿ ಅಂಟಿಕೊಳ್ಳುತ್ತದೆ. ಅಂಗಳದಲ್ಲಿ ಅಡಿಕೆಗೆ ಹೊದಿಸಿದ ಟಾರ್ಪಾಲ್ ನೆನಪಿಸಿಕೊಳ್ಳಿ. ಹಾರದ ಹಾಗೆ ಅಲ್ಲಲ್ಲಿ ಕಲ್ಲು ಹೇರಿರುತ್ತೇವೆ. ಕೆಳಗಿಂದ ಗಾಳಿ ನುಗ್ಗಿದರೆ ಕಲ್ಲು ಇರುವಲ್ಲಿ ಟಾರ್ಪಾಲ್ ಏಳುವುದಿಲ್ಲ, ಕಲ್ಲುಗಳ ನಡುವೆ ಮಾತ್ರ ಉಬ್ಬುತ್ತದೆ. ಪ್ರೋಟೀನ್ ಅಂಟಿದ ಐಸ್ ಕೂಡ ಹಾಗೆಯೇ ನಡುನಡುವೆ ಉಬ್ಬಬೇಕು.

ಉಬ್ಬಿದರೆ ಏನಾಯಿತು ಅಂತೀರಾ? ಇಲ್ಲೇ ಇರುವುದು ಮಜಾ. ಸಮತಟ್ಟಾದ ಐಸ್ ಮೇಲೆ ಹೊಸದಾಗಿ ಬಂದು ಕೂತ ನೀರಿನ ಅಣುವಿಗೆ ಅಕ್ಕಪಕ್ಕ ಕೈ ಹಿಡಿಯುವವರು ಬೇಕಾದಷ್ಟು. ಉಬ್ಬಿನ ಮೇಲೆ ಕೂತ ಅಣುವಿಗೆ ನೆರೆಯವರು ಕಡಿಮೆ. ಬಸ್ಸಿನ ಒಳಗೆ ಜನರ ನಡುವೆ ಒತ್ತಿಕೊಂಡು ನಿಂತವನು ಬೀಳುವುದಿಲ್ಲ, ಫುಟ್‌ಬೋರ್ಡಿನಲ್ಲಿ ಒಂದು ಕೈಯಲ್ಲಿ ನೇತಾಡುವವನು ಒಂದು ಗುಂಡಿ ಸಿಕ್ಕರೆ ಉದುರುತ್ತಾನೆ. ಉಬ್ಬು ಜಾಸ್ತಿಯಾದಷ್ಟೂ ಅಣುಗಳು ಕೂತ ಕೂಡಲೇ ಜಾರಿ ನೀರಿಗೆ ಬೀಳುತ್ತವೆ. ಹರಳು ಬೆಳೆಯಬೇಕಾದರೆ ಇನ್ನೂ ಚಳಿ ಬೇಕು. ಹೀಗೆ ಎಳೆದಾಡಿ ಆ ಮೀನುಗಳ ರಕ್ತ -2.2 ಡಿಗ್ರಿ ಅಥವಾ ಅದಕ್ಕೂ ಕೆಳಗಿನವರೆಗೆ ತಡೆದುಕೊಳ್ಳುತ್ತದೆ. ಕಡಲು ಅಷ್ಟು ತಣ್ಣಗಾಗುವುದೇ ಇಲ್ಲ. ಡಿವ್ರೀಸ್ ಮತ್ತು ಜೇಮ್ಸ್ ರೇಮಂಡ್ ಈ ವಿವರಣೆ ಕೊಟ್ಟದ್ದು 1977ರಲ್ಲಿ.

ಇಲ್ಲೊಂದು ವಾಟ್ಸಾಪ್ ಸುದ್ದಿಗೆ ಉತ್ತರ ಕೊಟ್ಟು ಮುಂದೆ ಹೋಗುತ್ತೇನೆ. "ನೀವು ತಿನ್ನುವ ಟೊಮ್ಯಾಟೊದಲ್ಲಿ ಮೀನಿನ ಜೀನ್ ಇದೆ, ಸಸ್ಯಾಹಾರಿಗಳೇ ಎಚ್ಚರ" ಎಂಬ ಸಂದೇಶ ನನಗೂ ಬಂದಿದೆ, ಕೈ ಮುಗಿದ ಇಮೋಜಿ ಸಮೇತ. ಫ್ಲೌಂಡರ್ ಎಂಬ ಚಪ್ಪಟೆ ಮೀನಿನ ಇಂಥದೇ ಒಂದು ಜೀನನ್ನು 1990ರ ಆಸುಪಾಸಿನಲ್ಲಿ ಅಮೆರಿಕದಲ್ಲಿ ಟೊಮ್ಯಾಟೊ ಗಿಡಕ್ಕೆ ಸೇರಿಸಿ ನೋಡಿದ್ದು ನಿಜ. ಆ ಟೊಮ್ಯಾಟೊ ಯಾವತ್ತೂ ಮಾರುಕಟ್ಟೆಗೆ ಬರಲಿಲ್ಲ. ಇಂಥ ಪ್ರೋಟೀನ್ ನಿಜವಾಗಿ ತಿನಿಸಿಗೆ ಇಳಿದದ್ದು ಕೆಲವು ದೇಶಗಳ ಐಸ್‌ಕ್ರೀಮಿನಲ್ಲಿ. ಅದನ್ನೂ ಮೀನು ಹಿಂಡಿ ತೆಗೆಯುವುದಿಲ್ಲ, ಯೀಸ್ಟ್‌ನಲ್ಲಿ ಬೆಳೆಸುತ್ತಾರೆ. ಕರೆಂಟ್ ಹೋಗಿ ಬಂದು ಮಾಡಿದ ಮೇಲೆ ಐಸ್‌ಕ್ರೀಮ್ ಕರಕರ ಅನ್ನುತ್ತದಲ್ಲ, ಆ ದಪ್ಪ ಹರಳು ಆಗದಂತೆ ಅದು ಕಾಯುತ್ತದೆ.

ಸರಿ, ಈ ಪ್ರೋಟೀನಿನ ಜೀನ್ ಎಲ್ಲಿಂದ ಬಂತು? ನನಗೆ ನಿದ್ದೆ ಕೆಡಿಸಿದ್ದು ಈ ಪ್ರಶ್ನೆ. "ಹೊಸ ಜೀನ್ ತಾನಾಗಿ ಹುಟ್ಟಲು ಸಾಧ್ಯವೇ ಇಲ್ಲ" ಎಂದು ಭಾಷಣ ಬಿಗಿಯುವವರಿಗೆ ನಾನು ಈ ಮೀನಿನ ಕಥೆ ಹೇಳುತ್ತೇನೆ.

1997ರಲ್ಲಿ ಲಿಯಾಂಗ್‌ಬಿಯಾವ್ ಚೆನ್, ಡಿವ್ರೀಸ್ ಮತ್ತು ಕ್ರಿಸ್ಟಿನಾ ಚೆಂಗ್ ಈ ಜೀನನ್ನು ಓದಿದರು. ಅದರ ತುದಿಗಳು ಎಲ್ಲೋ ನೋಡಿದ ಹಾಗಿದ್ದವು. ಹುಡುಕಿದರೆ ಟ್ರಿಪ್ಸಿನೋಜೆನ್ ಎಂಬ ಜೀನ್. ಟ್ರಿಪ್ಸಿನ್ ನಮಗೂ ಇದೆ, ಹೊಟ್ಟೆಗೆ ಹೋದ ಮೀನು, ಬೇಳೆಗಳ ಪ್ರೋಟೀನನ್ನು ಕತ್ತರಿಸುವ ಜೀರ್ಣರಸ ಅದು. ಜೀರ್ಣಕ್ಕೂ ಚಳಿಗೂ ಎತ್ತಣಿಂದೆತ್ತಣ ಸಂಬಂಧ?

ಲಗ್ನಪತ್ರಿಕೆ ಕೈಗೆತ್ತಿಕೊಳ್ಳಿ. ಮೇಲೆ ದೇವರ ಹೆಸರು, ಕೊನೆಗೆ "ತಮ್ಮ ಆಗಮನಾಭಿಲಾಷಿಗಳು". ಯಾರದೇ ಮದುವೆಯಾದರೂ ಇವೆರಡು ಬದಲಾಗುವುದಿಲ್ಲ, ಬದಲಾಗುವುದು ನಡುವಿನ ಒಕ್ಕಣೆ. ಹಳೆಯ ಜೀನಿನ ಒಂದು ಪ್ರತಿಯಲ್ಲಿ ಆದದ್ದು ಇದೇ. "ಈ ಪ್ರೋಟೀನನ್ನು ಜೀವಕೋಶದಿಂದ ಹೊರಗೆ ಕಳಿಸಿ" ಎನ್ನುವ ತಲೆಭಾಗ ಹಾಗೇ ಉಳಿಯಿತು, ಬಾಲವೂ ಉಳಿಯಿತು. ಟ್ರಿಪ್ಸಿನ್ ಮಾಡುವ ನಡುವಿನ ಬರಹ ಬಹುಪಾಲು ಬಿದ್ದು ಹೋಯಿತು. ಅದರ ಜಾಗದಲ್ಲಿ ಬಂದದ್ದು ಬರೀ 9 ಅಕ್ಷರಗಳ ಒಂದು ಚೂರು. ಅದೂ ಎಲ್ಲಿಯದು? ಜೀನಿನಲ್ಲಿ ಅರ್ಥವಿರುವ ಭಾಗಕ್ಕೂ ಕತ್ತರಿಸಿ ಎಸೆಯುವ ಭಾಗಕ್ಕೂ ನಡುವಿನ ಗಡಿಯದು. ಮೂರು ಮೂರು ಅಕ್ಷರಕ್ಕೆ ಒಂದು ಅಮೈನೋ ಆಮ್ಲ. 9 ಅಕ್ಷರಕ್ಕೆ ಮೂರು: ಥ್ರಿಯೋನಿನ್, ಅಲನಿನ್, ಅಲನಿನ್. ಡಿಎನ್‌ಎ ನಕಲು ಮಾಡುವ ಯಂತ್ರಕ್ಕೆ ಇಂಥ ಪುಟ್ಟ ಮರುಕಳಿಕೆ ಸಿಕ್ಕರೆ ಸಾಲು ತಪ್ಪುತ್ತದೆ, ಒಂದೇ ಸಾಲನ್ನು ಎರಡೆರಡು ಸಲ ಬರೆಯುತ್ತದೆ. ಪರೀಕ್ಷೆಯಲ್ಲಿ ನಿದ್ದೆಗಣ್ಣಲ್ಲಿ ಕಾಪಿ ಹೊಡೆದ ಹಾಗೆ. ಬರೆದದ್ದೇ ಬರೆದು ಜೀನ್ ಉದ್ದವಾಯಿತು.

ಸುಮ್ನೆ ಊಹೆ ಅನ್ನಬೇಡಿ. 1999ರಲ್ಲಿ ಚೆಂಗ್ ಮತ್ತು ಚೆನ್ ಅಂಟಾರ್ಕ್ಟಿಕಾದ ಟೂತ್‌ಫಿಶ್ ಎಂಬ ದೊಡ್ಡ ಮೀನಿನಲ್ಲಿ ಅರ್ಧ ಟ್ರಿಪ್ಸಿನೋಜೆನ್, ಅರ್ಧ ಹೊಸದು ಎನ್ನುವಂಥ ಜೀನ್ ಕಂಡರು. ಕಾಮಗಾರಿ ನಿಂತುಹೋದ ಸೈಟಿನ ಹಾಗೆ ಅದು ಇನ್ನೂ ಅಲ್ಲೇ ಇದೆ. ಎರಡು ಜೀನ್‌ಗಳ ವ್ಯತ್ಯಾಸ ಎಣಿಸಿದರೆ ಇದೆಲ್ಲ ನಡೆದದ್ದು 50 ಲಕ್ಷದಿಂದ 1 ಕೋಟಿ 40 ಲಕ್ಷ ವರ್ಷಗಳ ಹಿಂದೆ. ದಕ್ಷಿಣದ ಕಡಲು ಹೆಪ್ಪುಗಟ್ಟುವಷ್ಟು ತಣ್ಣಗಾದ ಕಾಲಕ್ಕೂ ಇದು ತಾಳೆಯಾಗುತ್ತದೆ.

ಜೀರ್ಣದ ಜೀನೇ ಯಾಕೆ ಎನ್ನುವುದಕ್ಕೂ ಒಂದು ಎಳೆ ಸಿಕ್ಕಿತು. 2006ರಲ್ಲಿ ಚೆಂಗ್ ತಂಡ ತೋರಿಸಿದಂತೆ ಈ ಪ್ರೋಟೀನ್ ಮುಖ್ಯವಾಗಿ ತಯಾರಾಗುವುದು ಯಕೃತ್ತಿನಲ್ಲಲ್ಲ, ಮೇದೋಜ್ಜೀರಕ ಗ್ರಂಥಿಯಲ್ಲಿ. ಅಲ್ಲಿಂದ ಅದು ಕರುಳಿಗೆ ಹರಿಯುತ್ತದೆ. ಮೀನು ನೀರು ಕುಡಿದಾಗ, ಆಹಾರ ನುಂಗಿದಾಗ ಐಸ್ ಚೂರುಗಳು ಒಳಗೆ ಹೋಗುತ್ತವಲ್ಲ, ಅವು ಮೊದಲು ಮುಟ್ಟುವುದು ಕರುಳನ್ನು. ಅಷ್ಟೇ ಅಲ್ಲ, ಟ್ರಿಪ್ಸಿನ್ ಕತ್ತರಿ ಆಡುವುದು ಲೈಸಿನ್ ಅಥವಾ ಆರ್ಜಿನಿನ್ ಇರುವ ಕಡೆ. ನಮ್ಮ ಮಗ್ಗಿಯಲ್ಲಿ ಅವೆರಡೂ ಇಲ್ಲ. ಹೀಗಾಗಿ ಮರಿಮಗನನ್ನು ಅಜ್ಜ ತಿನ್ನುವ ಭಯವಿಲ್ಲ.

ಭೂಮಿಯ ಇನ್ನೊಂದು ತುದಿಯ ಆರ್ಕ್ಟಿಕ್ ಕಾಡ್ ಮೀನಿನಲ್ಲೂ ಹೆಚ್ಚುಕಮ್ಮಿ ಇದೇ ಪ್ರೋಟೀನ್ ಇದೆ. ಥ್ರಿಯೋನಿನ್, ಅಲನಿನ್, ಅಲನಿನ್. ಆದರೆ ಅಲ್ಲಿ ಟ್ರಿಪ್ಸಿನೋಜೆನ್ನಿನ ಸುಳಿವೇ ಇಲ್ಲ. ಯಾವ ಪ್ರೋಟೀನನ್ನೂ ಮಾಡದೆ ಬಿದ್ದಿದ್ದ ಡಿಎನ್‌ಎ ತುಂಡಿನಿಂದ ಆ ಜೀನ್ ಎದ್ದಿದೆ ಎಂದು ಚೆಂಗ್ ತಂಡ 2019ರಲ್ಲಿ ತೋರಿಸಿತು. ಸಾಮಾನು ಬೇರೆ, ಮೇಸ್ತ್ರಿ ಬೇರೆ, ಮನೆ ಮಾತ್ರ ಒಂದೇ ನಕ್ಷೆಯದು.

ಇಷ್ಟೆಲ್ಲ ಹೊಗಳಿದೆನಲ್ಲ, ಇದರಲ್ಲಿ ಒಂದು ಎಡವಟ್ಟೂ ಇದೆ. ಈ ಪ್ರೋಟೀನ್ ಐಸನ್ನು ಕರಗಿಸುವುದಿಲ್ಲ, ಬೆಳೆಯದ ಹಾಗೆ ಹಿಡಿದಿಡುತ್ತದೆ ಅಷ್ಟೇ. ಮೆಕ್‌ಮರ್ಡೋ ಮೀನುಗಳ ಗುಲ್ಮ ತೆಗೆದು ನೋಡಿದರೆ ಒಳಗೆ ಐಸ್ ಹರಳುಗಳು ಕೂತಿರುತ್ತವೆ. ಬೇಸಿಗೆ ಬಂದು ಕರಗುತ್ತವೆ ಅಂದುಕೊಂಡರೆ, ಬೆಳೆಯಲು ಬಿಡದ ಅಂಟು ಕರಗಲೂ ಬಿಡುವುದಿಲ್ಲ. ನೀರು ಐಸಿನ ಕರಗುವ ಬಿಂದು ದಾಟಿದ ಮೇಲೂ ಆ ಹರಳುಗಳು ಗಟ್ಟಿಯಾಗೇ ಇದ್ದದ್ದನ್ನು ಪಾಲ್ ಝಿಕೊ ಮತ್ತು ಸಂಗಡಿಗರು 2014ರಲ್ಲಿ ವರದಿ ಮಾಡಿದರು. ಒಂದು ದಶಕಕ್ಕೂ ಮೀರಿದ ಕಡಲಿನ ಉಷ್ಣತೆಯ ದಾಖಲೆ ತಿರುವಿ ಹಾಕಿದರೂ, ಅವು ಖಂಡಿತ ಕರಗಿಯೇ ತೀರುವಷ್ಟು ಬೆಚ್ಚಗಿನ ದಿನ ಅವರಿಗೆ ಸಿಗಲಿಲ್ಲ. ಮರಿಯಾಗಿದ್ದಾಗ ಒಳಗೆ ಸೇರಿದ ಐಸ್ ಚೂರನ್ನು ಆ ಮೀನು ಮುದಿಯಾಗುವವರೆಗೂ ಹೊತ್ತುಕೊಂಡೇ ಓಡಾಡುತ್ತಿರಬಹುದು.