ಎಚ್-ಇಂಡೆಕ್ಸ್ ಅಂದರೇನು?

ಸಂಶೋಧಕರ ಪ್ರೊಫೈಲ್ ತೆರೆದರೆ ಹೆಸರಿನ ಪಕ್ಕದಲ್ಲಿ ಒಂದು ಅಂಕಿ ಕಾಣುತ್ತದೆ: ಎಚ್-ಇಂಡೆಕ್ಸ್. ನೇಮಕಾತಿ, ಬಡ್ತಿ, ಅನುದಾನ ಅಂತ ಮಾತು ಬಂದಾಗಲೆಲ್ಲ ಇದೂ ತಲೆಹಾಕುತ್ತದೆ. ಇದನ್ನು 2005ರಲ್ಲಿ ಮುಂದಿಟ್ಟವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕ್ಯಾಂಪಸ್ಸಿನ ಭೌತವಿಜ್ಞಾನಿ ಹೋರ್ಹೆ ಹಿರ್ಶ್.

ಲೆಕ್ಕ ಸುಲಭ. ನಿಮ್ಮ ಪೇಪರನ್ನು, ಅಂದರೆ ಸಂಶೋಧನಾ ಲೇಖನವನ್ನು, ಬೇರೊಂದು ಪೇಪರ್ ಉಲ್ಲೇಖಿಸಿದರೆ ಅದು ಒಂದು ಸೈಟೇಷನ್. ಒಬ್ಬರ ಪೇಪರ್‌ಗಳನ್ನೆಲ್ಲ ಸಾಲಾಗಿ ಜೋಡಿಸಿ, ಜಾಸ್ತಿ ಸೈಟೇಷನ್ ಇರುವುದು ಮೊದಲು. ಆರು ಪೇಪರ್ ಇವೆ, ಸೈಟೇಷನ್‌ಗಳು 90, 40, 12, 5, 4, 1 ಅಂದುಕೊಳ್ಳಿ. ಮೊದಲಿನಿಂದ ಎಣಿಸುತ್ತಾ ಬನ್ನಿ. ಸಾಲಿನಲ್ಲಿ ಎಷ್ಟನೆಯ ಪೇಪರೋ ಅದಕ್ಕೆ ಕಡೇಪಕ್ಷ ಅಷ್ಟು ಸೈಟೇಷನ್ ಇರಬೇಕು. ನಾಲ್ಕನೆಯದಕ್ಕೆ ಕಡೇಪಕ್ಷ 4 ಬೇಕು, 5 ಇದೆ. ಐದನೆಯದಕ್ಕೆ 5 ಬೇಕು, 4 ಮಾತ್ರ ಇದೆ. ಅಲ್ಲಿಗೆ ಮುಗಿಯಿತು. ಎಚ್-ಇಂಡೆಕ್ಸ್ 4.

ಪೇಪರ್‌ಗಳ ಸಂಖ್ಯೆಯನ್ನಷ್ಟೇ ನೋಡಿದರೆ ಸುಮ್ನೆ ಬರೆದು ಗುಡ್ಡೆ ಹಾಕಿದವರು ಗೆಲ್ಲುತ್ತಾರೆ. ಒಟ್ಟು ಸೈಟೇಷನ್ ನೋಡಿದರೆ ಒಂದೇ ಪೇಪರ್ ಎಲ್ಲ ಲೆಕ್ಕವನ್ನೂ ಎತ್ತಿಬಿಡುತ್ತದೆ. ಇವೆರಡನ್ನೂ ತಪ್ಪಿಸುವ ದಾರಿ ಇದು. ಮೇಲಿನ 90 ಹೋಗಿ 9,000 ಆದರೂ ಎಚ್-ಇಂಡೆಕ್ಸ್ 4ರಲ್ಲೇ ಇರುತ್ತದೆ.

ಎಡವಟ್ಟು ಇರುವುದೂ ಅಲ್ಲೇ. ಭೌತವಿಜ್ಞಾನಿ ಪೀಟರ್ ಹಿಗ್ಸ್ 1964ರಲ್ಲಿ ಬರೆದದ್ದಕ್ಕೆ 2013ರಲ್ಲಿ ನೊಬೆಲ್ ಬಂತು. 1964ರ ನಂತರ ಅವರು ಪ್ರಕಟಿಸಿದ ಪೇಪರ್‌ಗಳು ಹತ್ತೂ ಇಲ್ಲ. ಬರೆದ ಪೇಪರ್‌ಗಳ ಸಂಖ್ಯೆಯನ್ನು ಎಚ್-ಇಂಡೆಕ್ಸ್ ಎಂದೂ ದಾಟುವುದಿಲ್ಲವಲ್ಲ, ಹಾಗಾಗಿ ಇಂಥವರ ಅಂಕಿ ಚಿಕ್ಕದೇ. ಅವರದೇ ಹೆಸರಿನ ಹಿಗ್ಸ್ ಕಣದ ದ್ರವ್ಯರಾಶಿ ಅಳೆದ 2015ರ ಪೇಪರ್‌ನಲ್ಲಿ 5,154 ಲೇಖಕರಿದ್ದಾರೆ. 33 ಪುಟಗಳಲ್ಲಿ 24 ಪುಟ ಲೇಖಕರು ಮತ್ತು ಅವರ ಸಂಸ್ಥೆಗಳ ಪಟ್ಟಿಯೇ! ಆ ಪೇಪರ್‌ಗೆ ಬರುವ ಪ್ರತಿ ಸೈಟೇಷನ್ ಅಷ್ಟೂ ಜನರ ಖಾತೆಗೆ ಪೂರ್ತಿಯಾಗಿ ಸೇರುತ್ತದೆ. ಹಂಚಿಕೆ ಅನ್ನುವುದೇ ಇಲ್ಲ.

ಇನ್ನು ಬೇರೆ ಬೇರೆ ವಿಷಯದವರನ್ನು ಈ ಅಂಕಿ ಹಿಡಿದು ಹೋಲಿಸುವುದಂತೂ ನನ್ನ ಮಟ್ಟಿಗೆ ಅರ್ಥವಿಲ್ಲದ ಕೆಲಸ. ಜೀವವಿಜ್ಞಾನದಲ್ಲಿ ಪೇಪರೂ ಜಾಸ್ತಿ, ಉಲ್ಲೇಖಗಳೂ ಜಾಸ್ತಿ. ಗಣಿತದಲ್ಲಿ ಎರಡೂ ಕಡಿಮೆ. ಇತಿಹಾಸ, ಸಮಾಜಶಾಸ್ತ್ರದವರು ವರ್ಷಗಟ್ಟಲೆ ಕೂತು ಒಂದು ಪುಸ್ತಕ ಬರೆಯುತ್ತಾರೆ. ಅದು ಎಷ್ಟೇ ಹೆಸರು ಮಾಡಲಿ, ಲೆಕ್ಕದಲ್ಲಿ ಒಂದೇ.

ವಯಸ್ಸಿನ ಮಾತೂ ಇದೆ. ಈ ಅಂಕಿ ಏರುತ್ತದೆಯೇ ಹೊರತು ಸಾಮಾನ್ಯವಾಗಿ ಇಳಿಯುವುದಿಲ್ಲ. ಬರೆಯುವುದನ್ನು ನಿಲ್ಲಿಸಿದವರದೂ ಹಳೆಯ ಪೇಪರ್‌ಗಳ ಬಲದಿಂದ ಏರುತ್ತಲೇ ಇರಬಹುದು. ಸಾಲದ್ದಕ್ಕೆ, ಸೈಟೇಷನ್ ಎಣಿಸುವ ತಾಣಗಳಲ್ಲೂ ಒಬ್ಬರದೇ ಎಚ್-ಇಂಡೆಕ್ಸ್ ಗೂಗಲ್ ಸ್ಕಾಲರ್‌ನಲ್ಲಿ ಒಂದು, ಸ್ಕೋಪಸ್‌ನಲ್ಲಿ ಇನ್ನೊಂದು. ಎರಡೂ ಕಡೆ ಎಣಿಕೆಗೆ ಹಿಡಿಯುವ ಪ್ರಕಟಣೆಗಳೇ ಬೇರೆ.